ಕೋಟೆಯೊಳಗಿನ ಕೆಂಪು ರಾಣಿ

ಫ್ಯಾನಿನ ಗಾಳಿಗೆ ಆಟದ ನಿಯಮದ ಕಾರ್ಡುಗಳ ಅಂಚು ಪಟಪಟ ಎನ್ನುತ್ತಿದೆ, ಭಾವ ಅವುಗಳ ಮೇಲೆ ಹೆಬ್ಬೆರಳು ಊರಿದ್ದಾನೆ, ಅದೇ ಹೆಬ್ಬೆರಳು, ಅವನ ಔಷಧಿ ಅಂಗಡಿಯ ನೇರಳೆ ಮದ್ದಿನ ಕಲೆ ಇವತ್ತಿಗೂ ಹೋಗಿಲ್ಲ, ತೊಳೆದುಕೊಳ್ಳಲು ಏನು ಧಾಡಿ — ಹೋದ ವರ್ಷವೂ ಇದೇ ಮೇಜು, ಕ್ಲಬ್ಬಿನ ಕೋಟೆಯಾಟದ ಇದೇ ಫೈನಲ್, ಗೆದ್ದವರು ದೊಡ್ಡ ಪಂದ್ಯಕ್ಕೆ, ಅವಳ ಕೆಂಪು ಕಾಯಿಗಳ ರಾಣಿ ಭಾವನ ಕೋಟೆಯಲ್ಲಿ ಸೆರೆ, ಬಿಡಿಸಿಕೊಳ್ಳಲೆಂದೇ ಅವಳು ಕೋಟೆ ಬೀಳಿಸಿದ್ದಳು, ಇನ್ನೂ ಉಸಿರು ಬಿಟ್ಟಿರಲಿಲ್ಲ, ಭಾವ ಕೋಟೆಯ ಕಾರ್ಡು ಎತ್ತಿ ಓದಿದ, ಕೋಟೆ ಬಿದ್ದರೆ ಒಳಗಿರುವವರೆಲ್ಲ ಆಟದಿಂದ ಹೊರಗೆ. ಒಳಗಿರುವವರು ಅಂದ್ರೆ ಕೋಟೆಯವರು ಭಾವ, ಸೆರೆಯಾಳು ಹೇಗಾಗ್ತಾಳೆ? ಕಾರ್ಡಲ್ಲಿ ಹಾಗೆ ಬರೆದಿದ್ಯೇನಮ್ಮ? ಎಲ್ಲ ಅಂದ್ರೆ ಎಲ್ಲ. ರಾಣಿಯ ಮುಖದ ಮೇಲೆ ಹೆಬ್ಬೆರಳಿಟ್ಟು ಮೇಜಿನ ಅಂಚಿನವರೆಗೆ ತಳ್ಳಿ ಕೆಡವಿದ, ರಾಣಿ ಹೋದರೆ ಆಟ ಸೋತಂತೆ, ಎಲ್ಲರೂ ಗೊಳ್ಳೆಂದರು, ಪಕ್ಕದಲ್ಲಿದ್ದ ಅವಳ ಗಂಡ ನಗಲಿಲ್ಲ ನಿಜ, ಬಾಯಿಯನ್ನೂ ಬಿಡಲಿಲ್ಲ, ಫ್ಯಾನು ನೋಡುತ್ತ ಕೂತಿದ್ದ, ಅಣ್ಣನ ಮುಂದೆ ಅವನು ಯಾವತ್ತೂ ಅಷ್ಟೇ. ದೊಡ್ಡ ಪಂದ್ಯಕ್ಕೆ ಹೋದ ಭಾವ ಮೊದಲ ಸುತ್ತಿನಲ್ಲೇ ಮಣ್ಣುಮುಕ್ಕಿ ಬಂದು, ಆಟ ತಾನೇ ಬಿಡ್ರಪ್ಪ ಎಂದು ಹಲ್ಲುಕಿರಿದ. ಆಟ ತಾನೇ! ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತ ಇಡೀ ವರ್ಷ ಅವಳು ಜಗಿದದ್ದು ಆ ಒಂದೇ ಮಾತು, ಎಲ್ಲ ಅಂದ್ರೆ ಎಲ್ಲ.

ಇವತ್ತು ಕೆಂಪು ಭಾವನದು. ರಾಣಿ ಅವಳ ಕೋಟೆಯಲ್ಲಿ. ಬಾಗಿಲ ಕಾವಲನ್ನು ಅವಳೇ ಬೇಕೆಂದೇ ತೆಗೆದಿದ್ದಾಳೆ, ಬಾ ಭಾವ, ಬಾ, ನಿನ್ನ ಮನೆ ಹಾಳಾಗ, ಬಾ — ಬಿತ್ತು ನೋಡು ನಿನ್ನ ಕೋಟೆ! ಭಾವ ಕೂಗುತ್ತಲೇ ರಾಣಿಗೆ ಕೈ ಚಾಚುತ್ತಿದ್ದಾನೆ. ತಡೀರಿ ಭಾವ, ಒಳಗಿರೋರೆಲ್ಲ ಹೊರಗೆ, ಎಲ್ಲ ಅಂದ್ರೆ ಎಲ್ಲ. ಇದ್ಯಾವ ಊರಿನ ನ್ಯಾಯ ಕಣಮ್ಮ, ನನ್ನ ರಾಣೀನ ನಾನು ಬಿಡಿಸ್ಕೊಳ್ಳೋಕೆ ಬಂದಿರೋದು! ಮರೆತಿದ್ದಾನೆ, ಪುಣ್ಯಾತ್ಮ ಮರೆತೇ ಬಿಟ್ಟಿದ್ದಾನೆ, ವರ್ಷವಿಡೀ ಅವಳ ನಿದ್ದೆ ಕೆಡಿಸಿದ್ದು ಇವನ ತಲೆಯಲ್ಲಿ ಒಂದು ದಿನವೂ ನಿಂತಿಲ್ಲ. ಹೋದ ವರ್ಷ ಹಾಗೇ ಆಡಿದ್ವಲ್ಲ ಸ್ವಾಮಿ, ನಿಮ್ಮದೇ ಮಾತು, ಎಂದರು ಕ್ಲಬ್ಬಿನ ಕಾರ್ಯದರ್ಶಿ. ಭಾವನ ಮುಖ ಹುಳ್ಳಗಾಯಿತು, ಆಹಾ, ಇದಕ್ಕೇ ಕಾದಿದ್ದಳು, ಇನ್ನೂ ಸ್ವಲ್ಪ ಹುಳ್ಳಗಾಗಲಿ, ಅಷ್ಟರಲ್ಲಿ ಪಕ್ಕದಿಂದ ಗಂಡ, ಹೋಗ್ಲಿ ಬಿಡೇ, ದೊಡ್ಡೋರು, ಆಟ ತಾನೇ. ಓಹೋ, ಈಗ ಬಾಯಿ ಬಂತು! ಹೋದ ವರ್ಷ ಈ ಬಾಯಿ ಎಲ್ಲಿ ಸತ್ತಿತ್ತು? ಅವಳು ತಿರುಗಿ ನೋಡಲಿಲ್ಲ, ಅವನ ಸರದಿ ಮನೆಗೆ ಹೋದ ಮೇಲೆ. ರಾಣಿಯ ಕೆನ್ನೆಯ ಮೇಲೆ ನೇರಳೆ ಕಲೆ, ಭಾವನ ಹೆಬ್ಬೆರಳಿನದು, ವರ್ಷವಾದರೂ ಮಾಸಿಲ್ಲ, ಆಗಲೂ ಇವಳೇ, ಈಗಲೂ ಇವಳೇ, ಯಾರು ಗೆದ್ದರೂ ಅಂಚಿಗೆ ಹೋಗುವವಳು — ಅವಳು ತನ್ನ ಹೆಬ್ಬೆರಳನ್ನು ಆ ಕಲೆಯ ಮೇಲೆ ಇಟ್ಟಳು, ಅಳತೆ ತೆಗೆದಂತೆ ಕೂತಿತು, ತಳ್ಳಿದಳು, ಅಂಚು ಬಂತು, ಇನ್ನೊಂದು ಚೂರು ತಳ್ಳಿದರೆ ಸಾಕು, ಬೆರಳಡಿಯಲ್ಲಿ ಆ ಕೆನ್ನೆ, ಆ ನೇರಳೆ ಕಲೆ, ಅದರ ಮೇಲೆ ಅವಳ ಹೆಬ್ಬೆರಳು.