ಕೊಕ್ಕೆ ಸಾಹೇಬರ ಬಡ್ತಿ

ರಸ್ತೆ-ಸೇತುವೆ ಇಲಾಖೆಯ ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕೊಕ್ಕೆ ಸಾಹೇಬರು ಎಂದೇ. ಎದುರಿಗೆ ಬರೀ ಸಾಹೇಬರು, ಬೆನ್ನ ಹಿಂದೆ ಕೊಕ್ಕೆ. ಯಾವ ಕಡತ ಬಂದರೂ ಅದರಲ್ಲೊಂದು ತಪ್ಪು ಹುಡುಕಿ, ಅಂಚಿನಲ್ಲಿ ಕೆಂಪು ಪೆನ್ನಿನಿಂದ ಗೀಚಿ ವಾಪಸು ಕಳಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಗುತ್ತಿಗೆದಾರರು ಅವರ ಮೇಜಿನ ಹತ್ತಿರ ಜೀವ ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದರು. ಹಾಗಂತ ಅವರೇನು ಲಂಚಕ್ಕಾಗಿ ಕೊಕ್ಕೆ ಹಾಕುವವರಲ್ಲ. ಹಾಗಿದ್ದಿದ್ದರೆ ಗುತ್ತಿಗೆದಾರರಿಗೆ ಎಷ್ಟೋ ಸಲೀಸಾಗುತ್ತಿತ್ತು.

ಇಂಥವರ ಬಡ್ತಿಗೇ ಕೊಕ್ಕೆ ಬಿದ್ದಿತ್ತು. ಡಿಪ್ಲೊಮಾ ಮುಗಿಸಿ ಕಿರಿಯ ಇಂಜಿನಿಯರಾಗಿ ಸೇರಿದವರು, ನೌಕರಿಯಲ್ಲಿದ್ದುಕೊಂಡೇ ಸಂಜೆ ಕಾಲೇಜಿಗೆ ಹೋಗಿ ಪದವಿ ಪಡೆದಿದ್ದರು. ಪದವೀಧರರಿಗೆ ಕೊಡುವ ಬಡ್ತಿಗೆ ತಾವೂ ಅರ್ಹರು ಎಂದು ಅವರ ವಾದ. ಆ ಸಂಜೆಯ ಪದವಿ ಲೆಕ್ಕಕ್ಕಿಲ್ಲ ಎಂದು ಇಲಾಖೆಯ ವಾದ. ವ್ಯಾಜ್ಯ ಕೋರ್ಟಿಗೆ ಹೋಗಿ, ಅವರ ತಲೆಗೂದಲೆಲ್ಲ ಉದುರುವಷ್ಟು ಕಾಲವಾಗಿತ್ತು. ಮುಂದಿನ ವರ್ಷ ನಿವೃತ್ತಿ. ಈಗ ಸಿಗದಿದ್ದರೆ ಇನ್ನು ಸಿಗುವುದಿಲ್ಲ.

ಬಡ್ತಿಯ ಆಸೆ ಅವರಿಗಿಂತ ಹೆಂಡತಿಗೆ ಹೆಚ್ಚು. ಸಂಜೆ ಕಾಲೇಜಿನ ಆ ದಿನಗಳಲ್ಲಿ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಪುಸ್ತಕವನ್ನೂ ಹಿಡಿದು, ತೊಲೆ ಎಲ್ಲಿ ಬಾಗುತ್ತದೆ, ಕಂಬ ಯಾಕೆ ಬಿರಿಯುತ್ತದೆ ಎಂದು ಗಂಡನಿಂದ ಪಾಠ ಒಪ್ಪಿಸಿಕೊಂಡವಳು ಅವಳೇ. “ಆ ಡಿಗ್ರಿಯಲ್ಲಿ ಅರ್ಧ ನಂದು” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳು ಕಡಿಮೆಯೇ ಹೇಳುತ್ತಿದ್ದಳು.

ಕೋರ್ಟು ಕೊನೆಗೂ ಇಲಾಖೆಯ ಉತ್ತರ ಕೇಳಿತು. ಗುಮಾಸ್ತ ಒಂದು ಕರಡು ಬರೆದ. ಕೊಕ್ಕೆ ಸಾಹೇಬರ ಸಹಿ ಬೀಳದೆ ಯಾವ ಕರಡೂ ದೊಡ್ಡ ಸಾಹೇಬರ ಕೋಣೆಗೆ ಹೋಗುವ ಪದ್ಧತಿ ಆ ಕಚೇರಿಯಲ್ಲಿರಲಿಲ್ಲ. ಹಾಗಾಗಿ ಇದೂ ಅವರ ಮೇಜಿಗೇ ಬಂತು. ತಮ್ಮ ವಿರುದ್ಧದ ಉತ್ತರವನ್ನು ತಾವೇ ನೋಡುವುದು ಸರಿಯಲ್ಲ ಎಂದು ಅವರು ಹೋಗಿ ಹೇಳಿದರು. ದೊಡ್ಡ ಸಾಹೇಬರು ಕಂಪ್ಯೂಟರಿನಿಂದ ಕಣ್ಣೆತ್ತದೆ, ಈ ನಿಯಮಗಳೆಲ್ಲ ನಿಮ್ಮನ್ನು ಬಿಟ್ಟರೆ ಇಲ್ಲಿ ಯಾರಿಗೆ ಗೊತ್ತು, ನೋಡಿ ಸಹಿ ಹಾಕಿ ಕಳಿಸಿ ಅಂದರು.

ಕರಡು ಓದಿದ ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು. ಗುಮಾಸ್ತ ಯಾವತ್ತೋ ರದ್ದಾದ ನಿಯಮವನ್ನು ಎತ್ತಿ ಹೇಳಿದ್ದ, ಬೇರೆ ಯಾರದೋ ಸೇವಾ ವಿವರ ಲಗತ್ತಿಸಿದ್ದ. ಇದನ್ನು ಹೀಗೇ ಕಳಿಸಿದರೆ ಇಲಾಖೆ ಮಣ್ಣು ಮುಕ್ಕುವುದು ಖಂಡಿತ. ಮನೆಗೆ ಫೋನ್ ಮಾಡಿ, ಗೆದ್ದ ಹಾಗೇ ಅಂತಲೂ ಹೇಳಿಬಿಟ್ಟರು. ಹೆಂಡತಿ ಸಂಜೆಗೆ ಸಿಹಿ ಮಾಡಿದಳು.

ಮರುದಿನ ಸಹಿ ಹಾಕಲು ಕೂತರೆ ಕೈ ಓಡಲಿಲ್ಲ. ಇಷ್ಟು ಕೊಳಕು ಕರಡಿನ ಕೆಳಗೆ ತಮ್ಮ ಸಹಿಯೇ? ಆ ನಿಯಮವೊಂದನ್ನು ತಿದ್ದಿಬಿಡೋಣ, ಅಷ್ಟರಿಂದ ಏನೂ ಕೆಡುವುದಿಲ್ಲ ಅಂದುಕೊಂಡು ತಿದ್ದಿದರು. ನಿಯಮ ಸರಿಯಾದ ಮೇಲೆ ಅದರ ಕೆಳಗಿನ ವಾದ ಬೋಳುಬೋಳಾಗಿ ಕಂಡಿತು, ಅದನ್ನೂ ತುಂಬಿದರು. ಪರರ ಸೇವಾ ವಿವರ ತೆಗೆದು ತಮ್ಮದನ್ನು ಇಟ್ಟರು. ಇಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾಲೇಜು ಸೇರಲು ಇಲಾಖೆಯ ಅನುಮತಿ ಬಂದದ್ದು ತರಗತಿ ಶುರುವಾಗಿ ಎಷ್ಟೋ ದಿನದ ಮೇಲೆ. ಮುಂಚಿತವಾಗಿ ಅನುಮತಿ ಪಡೆಯದ ಪದವಿ ಬಡ್ತಿಗೆ ನಡೆಯದು. ಇಷ್ಟು ವರ್ಷ ಇಲಾಖೆಯ ಒಬ್ಬ ಮಹಾನುಭಾವನಿಗೂ ಹೊಳೆಯದ ಕೊಕ್ಕೆ! ಅವರ ಮೈ ಜುಮ್ಮೆಂದಿತು. ಅದು ಬೀಳುವುದು ತಮ್ಮ ಕುತ್ತಿಗೆಗೇ ಎಂದು ನೆನಪಾಗುವಷ್ಟರಲ್ಲಿ ಪ್ಯಾರಾ ಮುಗಿದಿತ್ತು, ಮುಗಿದ ಪ್ಯಾರಾ ಬಲು ಚೆನ್ನಾಗಿತ್ತು. ಸಹಿ ಹಾಕಿದರು.

ಕೋರ್ಟಿನಲ್ಲಿ ನ್ಯಾಯಾಧೀಶರು ಅದನ್ನು ಓದಿ, ಇಲಾಖೆಯೊಂದು ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ತಾವು ನೋಡಿಯೇ ಇಲ್ಲ ಎಂದು ಹೊಗಳಿದರು. ಹಿಂದಿನ ಬೆಂಚಿನಲ್ಲಿ ಕೊಕ್ಕೆ ಸಾಹೇಬರ ಎದೆ ಉಬ್ಬಿತು. ಅವರ ವಕೀಲರು ಹಿಂದಕ್ಕೆ ತಿರುಗಿ, “ಇದನ್ನ ಬರೆದ ಪುಣ್ಯಾತ್ಮ ಯಾರ್ರೀ? ನಮ್ಮ ಕಡೆ ಇದ್ದಿದ್ರೆ ಯಾವತ್ತೋ ಗೆದ್ದಿರ್ತಿದ್ವಿ” ಎಂದು ಪಿಸುಗುಟ್ಟಿದರು. ಅರ್ಜಿ ವಜಾ ಆಯಿತು. ಉಬ್ಬಿದ ಎದೆ ಇಳಿಯಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮನೆಗೆ ಬಂದವರು ಶೂ ಬಿಚ್ಚುತ್ತಲೇ ಎಲ್ಲವನ್ನೂ ಹೇಳಿಕೊಂಡರು. ಹೆಂಡತಿಯ ಮುಖ ನೋಡಲು ಅವರಿಗೆ ನಾಚಿಕೆಯಾಗಿತ್ತು. ತಮ್ಮ ಬಡ್ತಿ ಹೋಯಿತೆಂದಲ್ಲ, ಅವಳ ಅರ್ಧವನ್ನೂ ಒಂದು ಮಾತು ಕೇಳದೆ ಹೊಡೆದುಹಾಕಿದೆನಲ್ಲ ಎಂದು. ಅವಳು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, ಅವರ ಚೀಲದಲ್ಲಿದ್ದ ಆ ಉತ್ತರದ ಪ್ರತಿ ಇಸಿದುಕೊಂಡು, ಹಿಂದೆ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಗತ್ತಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿದಳು.

“ಅನುಮತಿ ಬೇಕು ಅಂತ ನೀವು ಅರ್ಜಿ ಕೊಟ್ಟಿದ್ದು ಯಾವಾಗ?”

“ಕಾಲೇಜು ಶುರುವಾಗೋಕೆ ಮುಂಚೇನೇ.”

“ಮತ್ತೆ ಅದು ಬರೋದು ಯಾಕೆ ತಡ ಆಯ್ತು?”

ಸಾಹೇಬರು ಸೂರು ನೋಡಿದರು. ಕಚೇರಿಯಲ್ಲಿ ಯಾರೋ ಅರ್ಜಿಗೆ ಕೊಕ್ಕೆ ಹಾಕಿ ಕೂರಿಸಿದ್ದರು ಎಂದರು. ಯಾರು ಎಂದು ಅವಳು ಬಿಡದೆ ಕೇಳಿದಳು.

“ನಾನೇ ಕಣೇ. ಆಗಲೂ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರ್ತಿದ್ವು. ಶುಲ್ಕದ ರಸೀದಿ ಲಗತ್ತಿಸಿರಲಿಲ್ಲ. ನನ್ನದೇ ಅರ್ಜಿ ಅಂತ ಬಿಟ್ಟುಬಿಡೋಕಾಗತ್ತಾ?”

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಗಂಡನ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು, ಆ ಚೆಂದದ ಪ್ಯಾರಾದ ಅಂಚಿನಲ್ಲಿ ಬರೆದಳು: ಅರ್ಜಿ ಹೊತ್ತಿಗೆ ಸರಿಯಾಗಿ ಕೊಟ್ಟಿದೆ, ತಡ ಮಾಡಿದ್ದು ಕಚೇರಿ. ಸಾಹೇಬರು ಓದಿದರು, ಮತ್ತೆ ಓದಿದರು. ಎಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಮೇಲ್ಮನವಿ ಹಾಕಿದರೆ ಇದು ನಿಲ್ಲುತ್ತದೆ ಎಂದು ಒಪ್ಪಿಕೊಂಡರು. ಆದರೆ ಆ ಕಚೇರಿ ಅಂದರೆ ತಾವೇ ಎಂಬುದನ್ನೂ ಸೇರಿಸಬೇಕಲ್ಲವೇ ಎನ್ನುತ್ತ, ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದರು.

ಅವಳು ಪೆನ್ನನ್ನು ಬೆನ್ನ ಹಿಂದೆ ಹಿಡಿದಳು.

“ನಿಮ್ಮ ಅರ್ಧಕ್ಕೆ ಎಷ್ಟು ಬೇಕಾದ್ರೂ ಕೊಕ್ಕೆ ಹಾಕ್ಕೊಳ್ಳಿ. ನನ್ನ ಅರ್ಧ ಪಾಸಾಗಿದೆ.”