ಮೆರವಣಿಗೆಯ ಕತ್ತಲು

ಕುಮಾರಸ್ವಾಮಿ ಸಹಕಾರ ಸಂಘದ ಕೆಲಸದಿಂದ ನಿವೃತ್ತರಾದ ತಿಂಗಳೇ ದಟ್ಟಗಳ್ಳಿಯ ಮನೆಗೆ ದೊಡ್ಡ ಟೀವಿ ಬಂತು. ತಂದವಳು ಮಗಳು ತನುಶ್ರೀ. ಇನ್ನು ಮೇಲೆ ಆರಾಮಾಗಿ ಕೂತು ನಿಮ್ಮ ಕಾಲದ ಸಿನಿಮಾಗಳನ್ನೆಲ್ಲ ನೋಡಪ್ಪ ಎಂದು ರಿಮೋಟನ್ನು ಅವರ ಕೈಗಿಟ್ಟಳು. ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ ಎಂದು ಕಲಿಸಿಕೊಟ್ಟಳು.

ವಾರ್ತೆ ಚೆನ್ನಾಗಿ ಬರುತ್ತಿತ್ತು, ಕ್ರಿಕೆಟ್ಟೂ ಬರುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಬರುವ ಸಿನಿಮಾ ಹಾಕಿದಾಗ ಮಾತ್ರ ಕುಮಾರಸ್ವಾಮಿಗೆ ಕಷ್ಟವಾಗತೊಡಗಿತು. ಹಗಲಿನ ದೃಶ್ಯಗಳು ಮುಸ್ಸಂಜೆಯಂತೆ ಕಾಣುತ್ತಿದ್ದವು. ರಾತ್ರಿಯ ದೃಶ್ಯ ಬಂದರೆ ಬರೀ ಕಪ್ಪು, ಒಳಗೆ ಯಾರೋ ಮಾತಾಡುತ್ತಿರುವ ಸದ್ದು. ಹೆಂಡತಿ ಸುಚಿತ್ರಾ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತ, ನಗುವ ಕಡೆ ಸರಿಯಾಗಿ ನಗುತ್ತಿದ್ದರು. ಅವರು ಪರದೆಯನ್ನು ನೋಡುವುದಕ್ಕಿಂತ ಮಾತು ಕೇಳಿಸಿಕೊಳ್ಳುವುದೇ ಹೆಚ್ಚು ಎಂಬುದು ಕುಮಾರಸ್ವಾಮಿಗೆ ಹೊಳೆಯಲಿಲ್ಲ. ಅವಳಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ ಎಂದುಕೊಂಡರು. ತನುಶ್ರೀ ಏನಿದ್ದರೂ ತನ್ನ ಫೋನಿನಲ್ಲೇ ನೋಡುವವಳು.

ಎರಡು ವರ್ಷದ ಹಿಂದೆ ಅವರ ಬಲಗಣ್ಣಿನ ಪೊರೆ ತೆಗೆಸಿದ್ದರು. ಎಡಗಣ್ಣಿನದು ಇನ್ನೂ ಬಲಿತಿಲ್ಲ, ನೋಡೋಣ ಎಂದು ಡಾಕ್ಟರು ಹೇಳಿದ್ದರು. ಈಗ ಅದೂ ಹೋಯಿತು, ಇದೂ ಹೋಗುತ್ತಿದೆ ಎಂಬ ಭಯ ಹಿಡಿಯಿತು. ಮನೆಯಲ್ಲಿ ಹೇಳಲಿಲ್ಲ. ಒಂದು ಬೆಳಿಗ್ಗೆ ವಾಕಿಂಗ್ ಹೋಗುವ ನೆಪದಲ್ಲಿ ಒಬ್ಬರೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಕಣ್ಣು ಚೆನ್ನಾಗಿಯೇ ಇದೆ, ಚಿಂತೆ ಬೇಡ ಎಂದು ಡಾಕ್ಟರು ಹೇಳಿದರು. ವಯಸ್ಸಾದವನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಹೇಳಿದರೇನೋ ಎಂದು ಅದನ್ನೂ ನಂಬಲಿಲ್ಲ.

ಅಷ್ಟರಲ್ಲಿ ತನುಶ್ರೀಗೆ ಆ ಸಿನಿಮಾ ಸಿಕ್ಕಿತು.

ಆ ಸಿನಿಮಾದ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಎಂಬತ್ತರ ದಶಕದ ಮೊದಲಲ್ಲಿ ಅದರ ಕೆಲವು ದೃಶ್ಯಗಳನ್ನು ಚಾಮರಾಜಪುರಂನಲ್ಲಿ, ಇವರ ಮನೆಯಿದ್ದ ಬೀದಿಯಲ್ಲೇ ತೆಗೆದಿದ್ದರು. ಥಿಯೇಟರಿನಲ್ಲಿ ಕೆಲವು ವಾರ ಓಡಿ ಮರೆಯಾದ ಚಿತ್ರ. ಈಗ ಯಾರೋ ಹಳೆಯ ರೀಲನ್ನು ಹುಡುಕಿ, ಶುಚಿ ಮಾಡಿ, ಹೊಸದಾಗಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಸುದ್ದಿ ಕೇಳಿದ ಕುಮಾರಸ್ವಾಮಿ ತಕ್ಷಣ ಮೇಟಗಳ್ಳಿಯಲ್ಲಿರುವ ತಂಗಿ ಮಂಜುಶ್ರೀಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಬಾ ಎಂದರು. ಅಮ್ಮನನ್ನು ನೋಡಬಹುದು ಎಂದರು.

ಅವರ ತಾಯಿ ಬೋರಮ್ಮ ಆ ಸಿನಿಮಾದಲ್ಲಿದ್ದರು. ಪಾತ್ರವೇನಲ್ಲ. ಮದುವೆ ಗಂಡಿನ ಮೆರವಣಿಗೆಯ ದೃಶ್ಯ. ಬೀದಿಯ ಹೆಂಗಸರು ಮನೆಗಳ ಮುಂದೆ ಆರತಿ ತಟ್ಟೆ ಹಿಡಿದು ನಿಲ್ಲಬೇಕು ಎಂದು ಸಿನಿಮಾದವರು ಕೇಳಿಕೊಂಡಿದ್ದರು. ಎಲ್ಲರೂ ಕುಣಿಯುತ್ತ ಒಪ್ಪಿದರು. ಬೋರಮ್ಮನ ಗಂಡ ಬೆಟ್ಟಯ್ಯ ಮಾತ್ರ ಒಪ್ಪಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಆತ ಮಾತು ಕಡಿಮೆಯ, ಗಡಸು ಮನುಷ್ಯ. ಸಂಸಾರಸ್ಥ ಹೆಂಗಸು ಊರೆಲ್ಲ ನೋಡುವ ಹಾಗೆ ನಿಲ್ಲುವುದು ಬೇಡ ಎಂದ. ಬೋರಮ್ಮ ಎಂದೂ ಗಂಡನಿಗೆ ಎದುರಾಡಿದವರಲ್ಲ, ಆದರೆ ಆ ಸಲ ಜಗ್ಗಲಿಲ್ಲ. ನಮ್ಮನೆ ಬಾಗ್ಲಲ್ಲಿ ನಾನು ನಿಂತ್ಕೊಂಡ್ರೆ ಯಾರಿಗೇನು ಎಂದರು. ಬೆಟ್ಟಯ್ಯ ತನಗೆ ಸೆಕೆಂಡ್ ಶಿಫ್ಟ್ ಇದೆ ಎಂದು ಸೈಕಲ್ ಹತ್ತಿ ಹೊರಟುಹೋದ.

ಕತ್ತಲಾದ ಮೇಲೆ ಪೆಟ್ರೊಮ್ಯಾಕ್ಸ್ ದೀಪಗಳು, ಬ್ಯಾಂಡು, ಬಿಳಿ ಕುದುರೆಯ ಮೇಲೆ ಮದುಮಗ, ಎಲ್ಲ ಬಂದವು. ಹದಿನೇಳು ವರ್ಷದ ಕುಮಾರಸ್ವಾಮಿ ಎದುರು ಮನೆಯ ಕಾಂಪೌಂಡಿನ ಮೇಲೆ ಕೂತಿದ್ದ. ಆರು ವರ್ಷದ ಮಂಜುಶ್ರೀ ಒಳಗೆ ನಿದ್ದೆ ಹೋಗಿದ್ದಳು. ಕುದುರೆ ಸರಿಯಾಗಿ ಇವರ ಮನೆ ಮುಂದೆ ನಿಂತುಬಿಟ್ಟಿತು. ಎಷ್ಟು ಎಳೆದರೂ ಅಲ್ಲಾಡದು. ಕತ್ತು ಚಾಚಿ ಬೋರಮ್ಮನ ಆರತಿ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡಿತು. ಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಿರ್ದೇಶಕರು ಅದನ್ನು ಮೆಚ್ಚಿ ಹಾಗೆಯೇ ಇಟ್ಟುಕೊಂಡರು.

ಬೆಟ್ಟಯ್ಯ ಆಮೇಲೆ ಬಹಳ ದಿನ ಹೆಂಡತಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿನಿಮಾ ಬಿಡುಗಡೆಯಾದಾಗ ಬೀದಿಯೇ ಥಿಯೇಟರಿಗೆ ಹೋಯಿತು, ಆತ ಹೋಗಲಿಲ್ಲ. ಮಂಜುಶ್ರೀ ಹೈಸ್ಕೂಲಿನಲ್ಲಿದ್ದಾಗ ಬೋರಮ್ಮ ಜ್ವರ ಬಂದು ತೀರಿಕೊಂಡರು. ಉಳಿದದ್ದು ಒಂದೇ ಫೋಟೊ, ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ಅವರು ಉಸಿರು ಹಿಡಿದು ಕೂತಂತಿದ್ದಾರೆ. ಅಮ್ಮ ನಗುವಾಗ ಹೇಗಿರುತ್ತಿದ್ದಳು ಎಂಬುದು ಮಂಜುಶ್ರೀಗೆ ವರ್ಷ ಕಳೆದಂತೆ ಮಸುಕಾಗಿತ್ತು. ಅಮ್ಮನ ಒಂದೇ ಒಂದು ಸಂತೋಷವನ್ನೂ ಅಪ್ಪ ಸಹಿಸಲಿಲ್ಲ ಎಂಬುದು ಮಾತ್ರ ಮಸುಕಾಗಿರಲಿಲ್ಲ. ಬೆಟ್ಟಯ್ಯ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅವಳೂ ಬಂದು ನೋಡಿಕೊಂಡಳು, ಆದರೆ ಆ ಮಾತನ್ನು ಮನಸ್ಸಿನಿಂದ ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿದ್ದಾಗ ಕುಮಾರಸ್ವಾಮಿ ತಡೆಯಲಾರದೆ ಒಬ್ಬರೇ ಸಿನಿಮಾ ಹಾಕಿದರು. ಮುಂದಕ್ಕೆ ಓಡಿಸಿ ಮೆರವಣಿಗೆಗೆ ಬಂದರು. ಬ್ಯಾಂಡಿನ ಸದ್ದು ಕೇಳಿಸಿತು. ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ದೀಪದ ಚುಕ್ಕೆ. ಕುದುರೆಯೂ ಕಾಣಲಿಲ್ಲ, ಮನೆಯೂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡರು. ಎದ್ದು ಹತ್ತಿರ ಹೋಗಿ ನೋಡಿದರು. ಅಮ್ಮ ಅಲ್ಲೇ ಇದ್ದಾಳೆ, ನಾನು ಮಾತ್ರ ನೋಡಲಾರೆ ಎನ್ನಿಸಿತು. ಟೀವಿ ಆರಿಸಿದರು.

ಮಂಜುಶ್ರೀ ಬಂದಳು. ಊಟವಾಯಿತು. ಎಲ್ಲರೂ ಟೀವಿ ಮುಂದೆ ಕೂತರು. ಕುಮಾರಸ್ವಾಮಿ ತಂಗಿಯ ಮುಖವನ್ನೇ ನೋಡುತ್ತಿದ್ದರು. ಅವಳಿಗಾದರೂ ಕಾಣಲಿ, ಅವಳು ಹೇಳಿದ್ದನ್ನು ಕೇಳಿಕೊಂಡರಾಯಿತು ಎಂದುಕೊಂಡಿದ್ದರು. ಮೆರವಣಿಗೆ ಶುರುವಾಯಿತು. ಮಂಜುಶ್ರೀ ಮುಂದಕ್ಕೆ ಬಾಗಿದಳು, ಕಣ್ಣು ಕಿರಿದು ಮಾಡಿದಳು.

"ಏನಣ್ಣಯ್ಯ ಇದು, ಬರೀ ಕತ್ಲು. ಏನೂ ಕಾಣ್ತಾನೇ ಇಲ್ವಲ್ಲ."

ಕುಮಾರಸ್ವಾಮಿಗೆ ಎದೆಯ ಮೇಲಿಂದ ಕಲ್ಲು ಎತ್ತಿದಂತಾಯಿತು.

"ನಿಂಗೂ ಕಾಣಲ್ವಾ?" ಎಂದರು. "ನನ್ ಕಣ್ಣೇ ಹೋಯ್ತು ಅಂದ್ಕೊಂಡ್‌ಬುಟ್ಟಿದ್ದೆ ಕಣೇ."

ಎಲ್ಲರೂ ಅವರತ್ತ ತಿರುಗಿದರು. ಆಗ ಡಾಕ್ಟರ ಹತ್ತಿರ ಕದ್ದು ಹೋಗಿ ಬಂದದ್ದನ್ನೂ ಹೇಳಬೇಕಾಯಿತು. ಇಷ್ಟು ದಿನ ಒಳಗೇ ಇಟ್ಟುಕೊಂಡು ಕೊರಗಿದಿರಲ್ಲ ಎಂದು ಸುಚಿತ್ರಾ ಬೈದರು, ಬೈಯುತ್ತಲೇ ಕಣ್ಣೊರೆಸಿಕೊಂಡರು. ನನಗೂ ಏನೂ ಕಾಣುತ್ತಿರಲಿಲ್ಲ, ಈಗಿನ ಸಿನಿಮಾಗಳೇ ಹೀಗೆ ಅಂದುಕೊಂಡಿದ್ದೆ ಎಂದೂ ಸೇರಿಸಿದರು.

ತನುಶ್ರೀ ರಿಮೋಟ್ ತೆಗೆದುಕೊಂಡಳು. ಹೊರಗಿನ ಬಿಸಿಲಿಗೆ ಹೀಗಾಗುತ್ತದೆ ಎಂದು ಸುಚಿತ್ರಾ ಎದ್ದು ಕಿಟಕಿಯ ಪರದೆ ಎಳೆದರು. ಚಿತ್ರ ಇನ್ನಷ್ಟು ಮಂಕಾಯಿತು. ತನುಶ್ರೀ ಬ್ರೈಟ್‌ನೆಸ್ ಏರಿಸಿದಳು. ಕಪ್ಪೆಲ್ಲ ಬೂದಿ ಕದಡಿದ ನೀರಿನ ಬಣ್ಣಕ್ಕೆ ತಿರುಗಿತೇ ಹೊರತು ಒಂದು ಮುಖವೂ ಕಾಣಲಿಲ್ಲ. ಮಂಜುಶ್ರೀಗೆ ನಗು ಬಂತು. ಚಾಮರಾಜಪುರಂನಲ್ಲಿ ಪಕ್ಕದ ಮನೆಯ ಷಡಕ್ಷರಿಯವರು ಬೀದಿಗೇ ಮೊದಲ ಟೀವಿ ತಂದಾಗ ಹೀಗೇ ಆಗುತ್ತಿತ್ತು ಎಂದಳು. ಒಬ್ಬ ಮಹಡಿಯ ಮೇಲೆ ಆಂಟೆನಾ ತಿರುಗಿಸುವುದು, ಕಿಟಕಿಯಲ್ಲಿ ಒಬ್ಬ ಬಂತು, ಹೋಯ್ತು ಎಂದು ಕೂಗುವುದು, ಷಡಕ್ಷರಿಯವರು ಟೀವಿಯ ಮುಂಭಾಗದ ಗುಂಡಿ ತಿರುಗಿಸಿ ತಿರುಗಿಸಿ ಹೆಂಡತಿಯಿಂದ ಬೈಸಿಕೊಳ್ಳುವುದು. ಇವರೆಲ್ಲ ಜಗಲಿಯಿಂದಲೇ ನೋಡುತ್ತಿದ್ದರು. ಚಿತ್ರ ಅಲ್ಲಾಡದೆ ನಿಂತ ಮೇಲೆ ಯಾರೂ ಅಲುಗಾಡುವಂತಿರಲಿಲ್ಲ, ಅಲುಗಾಡಿದರೆ ಹೋಗಿಬಿಡುತ್ತದೆ ಎಂದು ಅಮ್ಮನೂ ನಂಬಿದ್ದಳು ಎಂದು ಕುಮಾರಸ್ವಾಮಿ ನೆನಪಿಸಿಕೊಂಡರು.

ತನುಶ್ರೀ ಬ್ರೈಟ್‌ನೆಸ್ಸನ್ನು ಮೊದಲಿನ ಹಾಗೇ ಇಟ್ಟು ಫೋನಿನಲ್ಲಿ ಏನೇನೋ ಓದಿದಳು. ಪರದೆ ಎಳೆದಾಗ ಚಿತ್ರ ಇನ್ನೂ ಮಂಕಾದದ್ದೇ ಅವಳಿಗೆ ಸುಳಿವು ಕೊಟ್ಟಿತ್ತು. ಟೀವಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ಕಣ್ಣಿರುತ್ತದಂತೆ. ಕೋಣೆಯಲ್ಲಿ ಎಷ್ಟು ಬೆಳಕಿದೆ ಎಂದು ಅದು ನೋಡುತ್ತದೆ. ಕತ್ತಲಿದ್ದರೆ ಕರೆಂಟ್ ಉಳಿಸಲು ಟೀವಿ ತನ್ನ ಬೆಳಕನ್ನು ತಾನೇ ಇಳಿಸಿಕೊಳ್ಳುತ್ತದೆ. ತನುಶ್ರೀ ಬಗ್ಗಿ ನೋಡಿದಳು. ಧೂಳು ಕೂರಬಾರದೆಂದು ಸುಚಿತ್ರಾ ಹೆಣೆದು ಟೀವಿಯ ಮೇಜಿನ ಮೇಲೆ ಹಾಸಿದ್ದ ಲೇಸಿನ ಬಟ್ಟೆಯ ಅಂಚು ಸರಿಯಾಗಿ ಆ ಕಣ್ಣಿನ ಮೇಲೆ ಏರಿ ಕೂತಿತ್ತು. ಅಂದರೆ ಪೊರೆ ಬಂದಿರೋದು ಟೀವಿ ಕಣ್ಣಿಗೆ ಎಂದು ಮಂಜುಶ್ರೀ ಅಂದಾಗ ಕುಮಾರಸ್ವಾಮಿ ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕರು.

ಬಟ್ಟೆ ತೆಗೆದದ್ದಾಯಿತು, ಬೆಳಕು ಇಳಿಸುವ ಆ ಏರ್ಪಾಡನ್ನೇ ತನುಶ್ರೀ ಬಂದ್ ಮಾಡಿದ್ದೂ ಆಯಿತು. ಚಿತ್ರ ಸ್ವಲ್ಪ ತಿಳಿಯಾಯಿತು, ಪೂರ್ತಿ ಆಗಲಿಲ್ಲ. ಇಂಥ ಸಿನಿಮಾ ಓಡುವಾಗ ಟೀವಿ ಅದಕ್ಕೆಂದೇ ಇರುವ ಬೇರೆ ಸೆಟ್ಟಿಂಗಿಗೆ ತಾನಾಗಿ ಹೋಗುತ್ತದೆ, ಅದನ್ನು ಸಿನಿಮಾ ಓಡುತ್ತಿರುವಾಗಲೇ ಬದಲಿಸಬೇಕು ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಟೀವಿ ತಂದ ದಿನ ವಾರ್ತೆ ಹಾಕಿಕೊಂಡು ಅವಳು ಬದಲಿಸಿಟ್ಟಿದ್ದೆಲ್ಲ ಇದಕ್ಕೆ ತಗಲಿಯೇ ಇರಲಿಲ್ಲ. ಮೆರವಣಿಗೆ ಓಡುತ್ತಿರುವಂತೆಯೇ ಅವಳು ಒಂದೊಂದೇ ಬದಲಿಸಿ ನೋಡಿದಳು. ಮೂರನೆಯದಕ್ಕೆ ಬೀದಿ ಬೆಳಗಿತು.

ಹೆಂಚಿನ ಮನೆಗಳ ಸಾಲು, ಜಗಲಿಗಳು, ಷಡಕ್ಷರಿಯವರ ಮನೆಯ ಕಬ್ಬಿಣದ ಗೇಟು. ಮಂಜುಶ್ರೀ ಬಾಯಿಗೆ ಕೈ ಇಟ್ಟುಕೊಂಡಳು. ಕುದುರೆ ನಿಂತಿತು. ಹಸಿರು ಸೀರೆಯ ಬೋರಮ್ಮ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ಕುದುರೆ ಬಾಳೆಹಣ್ಣು ಕಸಿಯಿತು. ಬೋರಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಬಾಯಿಗೊತ್ತಿ, ಭುಜ ಕುಣಿಸಿಕೊಂಡು ನಕ್ಕರು. ಕ್ಯಾಮರಾ ಮುಂದೆ ಹೋಯಿತು.

ತನುಶ್ರೀ ಕೇಳದೆಯೇ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಭುಜ ಕುಣಿಯುತ್ತೆ ನೋಡು, ನೀನು ನಗೋದೂ ಹಾಗೇ ಎಂದು ಕುಮಾರಸ್ವಾಮಿ ತಂಗಿಗೆ ಹೇಳಿದರು. ಮಂಜುಶ್ರೀ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಮತ್ತೊಮ್ಮೆ ಹಾಕಿಸಿದಳು. ಆ ಸಲ ಅಮ್ಮನನ್ನು ಬಿಟ್ಟು ಸುತ್ತಲಿನವರನ್ನೂ ನೋಡತೊಡಗಿದಳು. ಇದ್ದಕ್ಕಿದ್ದಂತೆ ನಿಲ್ಲಿಸು ಎಂದಳು.

ಮನೆಯಿಂದ ಸ್ವಲ್ಪ ಆಚೆ, ಲೈಟ್ ಕಂಬದ ಮರೆಯಲ್ಲಿ, ಸೈಕಲ್ ಹಿಡಿದು ಒಬ್ಬ ನಿಂತಿದ್ದ. ಖಾಕಿ ಷರ್ಟು, ತಲೆಗೆ ಮಫ್ಲರು, ಹ್ಯಾಂಡಲಿಗೆ ತೂಗುಹಾಕಿದ ಊಟದ ಕ್ಯಾರಿಯರ್. ಥಿಯೇಟರಿನ ಪರದೆಯ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಅಪ್ಪ ಕಣೋ ಅಣ್ಣಯ್ಯ," ಎಂದಳು ಮಂಜುಶ್ರೀ.

ಕುಮಾರಸ್ವಾಮಿ ಎದ್ದು ಟೀವಿಯ ಹತ್ತಿರ ಹೋದರು. ನಿಂತ ನಿಲುವೇ ಹೇಳುತ್ತಿತ್ತು. "ಸೆಕೆಂಡ್ ಶಿಫ್ಟ್ ಅಂತ ಹೋಗಿದ್ನಲ್ಲ," ಎಂದರು ತಮಗೆ ತಾವೇ.

ತನುಶ್ರೀ ನಿಧಾನವಾಗಿ ಮುಂದೆ ಬಿಟ್ಟಳು. ಎಲ್ಲರೂ ಕುದುರೆಯನ್ನು ನೋಡುತ್ತಿದ್ದರು. ಬೆಟ್ಟಯ್ಯ ಮಾತ್ರ ಹೆಂಡತಿಯನ್ನು ನೋಡುತ್ತಿದ್ದ. ಬೋರಮ್ಮ ನಕ್ಕ ಕೂಡಲೇ ಅವನ ಮುಖವೂ ಅರಳಿತು. ಮಫ್ಲರಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ತಲೆ ತಗ್ಗಿಸಿ ನಕ್ಕ. ಅಪ್ಪ ಹಾಗೆ ನಗಬಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅರ್ಧ ದಾರಿಯಿಂದ ತಿರುಗಿ ಬಂದನೋ, ರಜೆ ಹಾಕಿದನೋ, ಹೇಗೆ ಬಂದ ಎಂದು ಇಬ್ಬರೂ ಯೋಚಿಸಿದರು. ಬೇಡ ಅಂದವನೇ ನೋಡೋಕೆ ಬಂದೆ ಅಂತ ಬಾಯಿಬಿಟ್ಟು ಹೇಳೋಕೆ ಆಗಲಿಲ್ಲವೇನೋ ಎಂದರು ಸುಚಿತ್ರಾ. ಆದರೆ ಸಿನಿಮಾ ಬಂದಾಗಲೂ ನೋಡಲು ಹೋಗಲಿಲ್ಲವಲ್ಲ ಎಂದು ಮಂಜುಶ್ರೀ ಕೇಳಿದಳು.

"ಹೋದ್ರೆ ಬೀದಿಯೋರ ಮುಂದೆ ಪರದೆ ಮೇಲೆ ಸಿಕ್ಕಿಬೀಳ್ತೀನಿ ಅಂತ ತಾತ ಹೆದರಿಕೊಂಡಿರ್ತಾರೆ, ಅತ್ತೆ," ಎಂದಳು ತನುಶ್ರೀ.

ಅದನ್ನು ಕೇಳಿ ಅಣ್ಣತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಹೌದು, ಅಪ್ಪ ಅಂಥವನೇ. ಇಬ್ಬರಿಗೂ ತಡೆಯಲಾರದಷ್ಟು ನಗು ಬಂತು, ನಗು ಮುಗಿಯುವ ಹೊತ್ತಿಗೆ ಮಂಜುಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಮ್ಮನಿಗೆ ಇದು ಗೊತ್ತಿತ್ತೋ ಇಲ್ಲವೋ ಎಂದು ಅವಳು ಅಣ್ಣನನ್ನು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ಸಿನಿಮಾ ಕೊನೆಯವರೆಗೂ ನೋಡಿದರು. ಕಥೆ ಯಾರಿಗೂ ತಲೆಗೆ ಹೋಗಲಿಲ್ಲ. ಸುಚಿತ್ರಾ ಕಾಫಿ ತಂದರು. ತನುಶ್ರೀಗೆ ತಾತ ಅಂದರೆ ಮಂಚದ ಮೇಲೆ ಕೆಮ್ಮುತ್ತಿದ್ದ ಮುದುಕನ ನೆನಪಷ್ಟೇ. ಅವಳು ಕೇಳುತ್ತ ಹೋದಳು, ಮಂಜುಶ್ರೀ ಹೇಳುತ್ತ ಹೋದಳು. ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಟವೆಲ್ ಸುತ್ತಿ ತನ್ನನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದದ್ದು, ಅಮ್ಮ ತೀರಿಕೊಂಡ ವರ್ಷ ತನಗೆ ಜಡೆ ಹಾಕಲು ಕಲಿತು, ವಕ್ರವಕ್ರವಾಗಿ ಹಾಕಿ, ಮಾತಿಲ್ಲದೆ ಬಾಚಣಿಗೆ ಎತ್ತಿಡುತ್ತಿದ್ದದ್ದು. ಇದೆಲ್ಲ ನನಗೇ ಮರೆತುಹೋಗಿತ್ತಲ್ಲ ಎಂದು ನಡುನಡುವೆ ಅವಳೇ ಬೆರಗಾಗುತ್ತಿದ್ದಳು.

ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲೇ ನಿಂತಳು. ಪಿತೃಪಕ್ಷಕ್ಕೆ ಪ್ರತಿವರ್ಷ ಬಂದು ಅಮ್ಮನಿಗೆಂದು ತನ್ನ ಕೈಯಾರೆ ಎಡೆಯ ಅಡುಗೆ ಮಾಡುತ್ತಿದ್ದವಳು, ಅಪ್ಪನಿಗೆ ಏನಿಷ್ಟ ಎಂದು ಎಂದೂ ಕೇಳಿರಲಿಲ್ಲ. ಈಗ ಕೇಳಿದಳು. ಅವನ ಕೊನೆಯ ವರ್ಷಗಳಲ್ಲಿ ಅಡುಗೆ ಮಾಡಿ ಬಡಿಸಿದವರು ಸುಚಿತ್ರಾ.

"ಮಾವನಿಗೆ ಒತ್ತುಶಾವಿಗೆ, ಕಾಯಿಹಾಲು ಅಂದ್ರೆ ಪ್ರಾಣ," ಎಂದರು. "ಆದ್ರೆ ಒತ್ತೋದು ಒಬ್ಬಳ ಕೈಲಾಗಲ್ಲ ಮಂಜು."

ಎಡೆ ಇಡುವ ಹಿಂದಿನ ದಿನ ಸಂಜೆಯೇ ಬರುತ್ತೇನೆ, ಇಬ್ಬರೂ ಸೇರಿ ಒತ್ತೋಣ ಎಂದು ಹೇಳಿ ಮಂಜುಶ್ರೀ ಮೆಟ್ಟಿಲಿಳಿದಳು. ಕುಮಾರಸ್ವಾಮಿ ಅವಳನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ಜೊತೆಗೆ ನಡೆದರು.