ಹಾಲವ್ವ ತೋರಿಸಿದ ಮೋರಿ

"ಏ ಮುದುಕಿ, ಅಲ್ಲೇ ಹೊರಗ ನಿಂದ್ರು. ಗಟಾರದ ನಾತ ಒಳಗ ತರಬ್ಯಾಡ."

ಮುಂಬೈಯ ಸಯನ್‌ನ ಆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಮ್ಮ ಬಾಗಲಕೋಟೆ ಕಡೆಯವನೇ. ನಮ್ಮಜ್ಜಿ ಹಾಲವ್ವ ಹೊಸ್ತಿಲಾಚೆ ನಿಂತಳು. ಮೂವತ್ತು ವರ್ಷ ಅಲ್ಲಿನ ನಾಲಾಗಳಿಗೆ ಇಳಿದು ಹೂಳು ಎತ್ತಿದವಳು. ನಾನು ಸೊಸೈಟಿ ಆಫೀಸಿನ ಒಳಗೆ, ಕಾಲೇಜಿನ ಗೆಳತಿಯರ ಜೊತೆ ಕುರ್ಚಿಯ ಮೇಲೆ ಕೂತಿದ್ದೆ. ಮಳೆನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ನಾವೊಂದು ನಕ್ಷೆ ಮಾಡಿ, ಅದನ್ನು ಸೆಕ್ರೆಟರಿಗೆ ತೋರಿಸಲು ಬಂದಿದ್ದೆವು. ಗಲ್ಲಿ ಗಲ್ಲಿ ತಿರುಗಿಸಿ ನನಗೆಲ್ಲ ತೋರಿಸಿದ್ದು ಅಜ್ಜಿ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಸಾಹೇಬ್ರ, ನಿಮ್ಮ ಹೊಸಾ ಗ್ವಾಡಿ ಬುಡಕ ಹಳೇ ಮೋರಿ ಐತ್ರಿ. ಅದರ ಬಾಯಿ ಮುಚ್ಚೀರಿ. ದೊಡ್ಡ ಮಳಿ ಬಂದ್ರ ಗ್ವಾಡಿ ಆಚಿ ನಮ್ಮ ಚಾಳ ಮುಳಗತೈತಿ. ಒಂದ ಕಿಂಡಿ ಬಿಡ್ರಿ."

ಸೆಕ್ರೆಟರಿ ನನ್ನತ್ತ ತಿರುಗಿದ. "ನಿಮ್ಮ ಮ್ಯಾಪಿನ್ಯಾಗ ಮೋರಿ ಐತೇನವಾ?"

ಇರಲಿಲ್ಲ. ಗೋಡೆ ಬುಡದಲ್ಲಿ ಮುಚ್ಚಿಹೋದದ್ದನ್ನು ಗುರುತು ಹಾಕಿದ್ದರೆ ಯಾರು ಹೇಳಿದರೆಂದು ಗೆಳತಿಯರು ಕೇಳುತ್ತಿದ್ದರು.

"ಇಲ್ಲ ಸರ್."

"ಈಕಿ ಯಾರು, ಗೊತ್ತೇನು?"

"ಗೊತ್ತಿಲ್ಲ ಸರ್."

ಅಜ್ಜಿ ಸೆರಗು ಹೊದ್ದು ಹೊರಟುಹೋದಳು. ಮನೆಯಲ್ಲಿ ಎಂದಿನಂತೆ ನನಗೆ ರೊಟ್ಟಿ ಬಡಿದು ಹಾಕಿದಳು.

ಜುಲೈನಲ್ಲಿ ಎರಡು ದಿನ ಬಿಡದೆ ಸುರಿಯಿತು. ಚಾಳಿನಲ್ಲಿ ಸೊಂಟಮಟ್ಟ ನೀರು. ಲಕ್ವ ಹೊಡೆದು ಮಂಚದ ಮೇಲೆ ಮಲಗಿದ್ದ ಪಕ್ಕದ ಮನೆಯ ಮೌಲಾಲಿ ಚಾಚಾನ ಗದ್ದದವರೆಗೆ ನೀರು ಬಂದಿತ್ತು. ಬಾಗಿಲು ಕಿತ್ತು, ಅದರ ಮೇಲೆ ಅವನನ್ನು ಮಲಗಿಸಿ ನಾಲ್ವರು ಹೆಗಲು ಕೊಟ್ಟರು. ಅವನ ಹೆಂಡತಿ ಮುಬೀನಾ, "ಯಾ ಅಲ್ಲಾ, ಈ ನೀರು ಯಾಕ ಹೋಗವಲ್ದು?" ಎಂದು ಅಳುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು.

ಅಜ್ಜಿ ನನ್ನನ್ನು ಶೈಲಾ ಎಂದು ಕರೆಯಲಿಲ್ಲ. "ಏ ಹುಡುಗಿ, ಹಾರಿ ತಗೊಂಡ ಬಾ," ಎಂದಳು. ಕೆಸರಿನಲ್ಲಿ ಕಾಲಾಡಿಸುತ್ತ ಸೊಸೈಟಿಯ ಗೋಡೆಯುದ್ದಕ್ಕೂ ನಡೆದು ಒಂದು ಕಡೆ ನಿಂತಳು. "ಇಲ್ಲೇ. ಹೊಡಿ."

ಹಾರೆಯಿಂದ ಹೊಡೆದೆ. ಅಂಗೈ ಸುಲಿಯಿತು. ಚಾಳಿನ ಹುಡುಗರೂ ಕೈಹಚ್ಚಿದರು. ಗೋಡೆ ಬಾಯಿಬಿಟ್ಟಿತು, ನೀರು ಭೋರೆಂದು ಮೋರಿಗೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿಗಿಳಿಯಿತು.

ಸೆಕ್ರೆಟರಿ ಛತ್ರಿ ಹಿಡಿದು ಓಡಿಬಂದ. "ಯಾವ ಸೂಳಿಮಕ್ಳು ಗ್ವಾಡಿ ಒಡದ್ರಲೇ? ನಾಳೆನ ಕಟ್ಟಸ್ತೀನಿ! ಪೊಲೀಸರ್ನ ಕರಸ್ತೀನಿ!"

ಅಜ್ಜಿ ಆ ಕಿಂಡಿಯಲ್ಲೇ ಕುಕ್ಕರಿಸಿದಳು. "ಕಟ್ಟಸೋ ಭಾಡ್ಯಾ. ನನ್ನ ಮ್ಯಾಲೇ ಕಟ್ಟಸು."

ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ. ಒಡೆದ ಇಟ್ಟಿಗೆ ತೊಡೆಗೆ ಚುಚ್ಚುತ್ತಿತ್ತು, ಸರಿಯಲಿಲ್ಲ. ಅಜ್ಜಿ ನನ್ನ ಕಡೆ ನೋಡಲಿಲ್ಲ. ನಮ್ಮಿಬ್ಬರ ನಡುವೆ ಕಪ್ಪು ನೀರು ಹರಿಯುತ್ತಲೇ ಇತ್ತು.